ಜರ್ಮನಿಯ ನದಿಗಳಲ್ಲಿ ಬೇಸಿಗೆಯ ಹಡಗುಯಾನ: ಹಣ ಕಟ್ಟುವ ಮುನ್ನ ನೀರಿನ ಮಟ್ಟವನ್ನು ಓದುವ ಬಗೆ

ರೈನ್, ಡ್ಯಾನ್ಯೂಬ್ ಅಥವಾ ಎಲ್ಬೆ ನದಿಯಲ್ಲಿ ಒಂದು ವಾರದ ಹಡಗುಯಾನ ಮಾಡಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಆ ಹೊತ್ತಿಗೆ ನದಿಯಲ್ಲಿ ನೀರಿರುತ್ತದೆಯೇ?” ಎಂಬುದು. ಹೀಗೆ ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಸಿಗುವುದಿಲ್ಲ. ನೂರಾರು ಕಿಲೋಮೀಟರ್ ಉದ್ದದ ಜಲಮಾರ್ಗದಲ್ಲಿ ಹಡಗನ್ನು ತಡೆಯುವುದು ಇಡೀ ನದಿಯಲ್ಲ, ಆಳ ಕಡಿಮೆಯಿರುವ ಯಾವುದೋ ಒಂದು ಭಾಗ ಮಾತ್ರ. ಆ ಭಾಗ ಎಲ್ಲಿದೆ, ಅಲ್ಲಿ ನೀರಿನ ಮಟ್ಟವನ್ನು ಅಳೆಯುವ ಕೇಂದ್ರ ಯಾವುದು, ಆ ಕೇಂದ್ರ ಪ್ರಕಟಿಸುವ ಅಂಕಿಯ ಅರ್ಥವೇನು ಎಂಬ ಮೂರು ಸಂಗತಿಗಳನ್ನು ತಿಳಿದುಕೊಂಡರೆ ಬೆಂಗಳೂರಿನಲ್ಲಿ ಕುಳಿತೇ ಪ್ರಯಾಣದ ಸಾಧ್ಯತೆಯನ್ನು ಬಹುಮಟ್ಟಿಗೆ ಅಂದಾಜು ಮಾಡಬಹುದು. ಜರ್ಮನಿಯಲ್ಲಿ ನೆಲೆಸಿರುವ ಮಕ್ಕಳು ಊರಿನಿಂದ ಬರುವ ತಂದೆತಾಯಿಯರಿಗಾಗಿ ಇಂತಹ ಪ್ರವಾಸವನ್ನು ಏರ್ಪಡಿಸುವುದುಂಟು. ಅವರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಕೆಲಸ ಯಾವ ಅನುಕ್ರಮದಲ್ಲಿ ನಡೆಯಬೇಕೋ ಅದೇ ಅನುಕ್ರಮದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ತಿಂಗಳನ್ನು ನದಿಗೆ ಹೊಂದಿಸಿ

ನಮ್ಮಲ್ಲಿ ಜೂನ್ ಬಂತೆಂದರೆ ಮುಂಗಾರು, ನದಿಗಳು ಮೈದುಂಬುವ ಕಾಲ. ಜರ್ಮನಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಅವಧಿಯೇ ಬೇಸಿಗೆ. ಆಗ ಅಲ್ಲಿ ಮಳೆ ಇಲ್ಲವೆಂದಲ್ಲ, ಆದರೆ ಬಿದ್ದ ಮಳೆಯ ಬಹುಪಾಲನ್ನು ಗಿಡಮರಗಳೂ ಬಿಸಿಲೂ ಹೀರಿಕೊಳ್ಳುವುದರಿಂದ ನದಿಗೆ ಸೇರುವ ನೀರು ಕಡಿಮೆ. ಈ ಕೊರತೆಯನ್ನು ತುಂಬಿಕೊಡುವುದು ಆಲ್ಪ್ಸ್ ಪರ್ವತಗಳ ಹಿಮ. ಆದ್ದರಿಂದ ನೀವು ಆರಿಸಿಕೊಂಡ ನದಿಗೆ ಆಲ್ಪ್ಸ್‌ನ ಆಸರೆ ಇದೆಯೇ ಎಂಬುದನ್ನು ಮೊದಲು ನೋಡಬೇಕು.

ರೈನ್ ನದಿಗೆ ಆ ಆಸರೆ ಇದೆ. ಹಿಮ ಕರಗುವ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಅದರ ಮೇಲ್ಭಾಗಕ್ಕೆ ಒಳ್ಳೆಯ ನೀರು ಬರುತ್ತದೆ. ಕಾನ್‌ಸ್ಟನ್ಸ್ ಸರೋವರವು ಆ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಹೀಗಾಗಿ ರೈನ್ ನದಿಯ ನೀರು ಇಳಿಯುವ ಕಾಲ ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. 2018ರ ದಾಖಲೆಯ ಕನಿಷ್ಠ ಮಟ್ಟ ಕಂಡುಬಂದದ್ದು ಬೇಸಿಗೆಯ ನಡುವಿನಲ್ಲಲ್ಲ, ಅಕ್ಟೋಬರ್ ತಿಂಗಳಿನಲ್ಲಿ. ಆದರೆ ಚಳಿಗಾಲದಲ್ಲಿ ಆಲ್ಪ್ಸ್‌ನಲ್ಲಿ ಹಿಮ ಕಡಿಮೆ ಬಿದ್ದರೆ ನೀರು ಇಳಿಯುವ ಕಾಲ ಇನ್ನೂ ಬೇಗ ಬರುತ್ತದೆ. 2022ರಲ್ಲಿ ಆದದ್ದು ಅದೇ, ಆಗಸ್ಟ್ ಮಧ್ಯದಲ್ಲೇ ನದಿ ಬಡವಾಗಿತ್ತು.

ಎಲ್ಬೆ ನದಿಗೆ ಆಲ್ಪ್ಸ್‌ನ ಆಸರೆ ಇಲ್ಲ. ಅದು ಜೆಕ್ ದೇಶದ ಬೆಟ್ಟಗಳಲ್ಲಿ ಹುಟ್ಟಿ ಬರುತ್ತದೆ, ಅಲ್ಲಿನ ಹಿಮ ವಸಂತದಲ್ಲೇ ಕರಗಿ ಹೋಗುತ್ತದೆ, ಜುಲೈ ಮತ್ತು ಆಗಸ್ಟ್‌ನಲ್ಲಿ ನದಿ ಮಳೆಯನ್ನೇ ನೆಚ್ಚಿಕೊಳ್ಳಬೇಕು. ಡ್ಯಾನ್ಯೂಬ್ ನದಿಯದು ಎರಡರ ನಡುವಿನ ಸ್ಥಿತಿ. ಪಸಾವ್ ಪಟ್ಟಣದಲ್ಲಿ ಆಲ್ಪ್ಸ್‌ನಿಂದ ಇಳಿದು ಬರುವ ಇನ್ ನದಿ ಅದನ್ನು ಕೂಡಿಕೊಳ್ಳುತ್ತದೆ. ಆ ಸಂಗಮದಿಂದ ಕೆಳಗೆ ಬೇಸಿಗೆಯಲ್ಲಿಯೂ ನೀರು ಸಮೃದ್ಧ, ಮೇಲೆ ಅಷ್ಟಿಲ್ಲ.

ಇಷ್ಟರಿಂದಲೇ ಒಂದು ನಿರ್ಧಾರಕ್ಕೆ ಬರಬಹುದು. ರೈನ್ ಪ್ರಯಾಣಕ್ಕೆ ಮೇ ಕೊನೆಯಿಂದ ಜುಲೈ ಮಧ್ಯದವರೆಗಿನ ಅವಧಿಯನ್ನು ನಾನು ಸೂಚಿಸುತ್ತೇನೆ. ಎಲ್ಬೆ ನದಿಯನ್ನೇ ನೋಡಬೇಕೆಂಬ ಆಸೆಯಿದ್ದರೆ ಏಪ್ರಿಲ್ ಅಥವಾ ಮೇ ತಿಂಗಳಿಗೆ ಹೋಗಿ, ಆಗಸ್ಟ್‌ನಲ್ಲಿ ಬೇಡ.

ಎರಡನೆಯ ಹೆಜ್ಜೆ: ದಾರಿಯನ್ನು ಕಟ್ಟಿದ ನದಿ, ಕಟ್ಟದ ನದಿ ಎಂದು ವಿಂಗಡಿಸಿ

ಜರ್ಮನಿಯ ಅನೇಕ ನದಿಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಒಡ್ಡುಗಳನ್ನು ಕಟ್ಟಿ, ಪ್ರತಿ ಒಡ್ಡಿನ ಪಕ್ಕದಲ್ಲಿ ಹಡಗನ್ನು ಏರಿಸಿ ಇಳಿಸುವ ಲಾಕ್ ಎಂಬ ಕೋಣೆಯನ್ನು ನಿರ್ಮಿಸಿದ್ದಾರೆ. ಎರಡು ಒಡ್ಡುಗಳ ನಡುವೆ ನೀರು ಕೆರೆಯಂತೆ ನಿಲ್ಲುವುದರಿಂದ ಬರಗಾಲದಲ್ಲಿಯೂ ಹಡಗಿಗೆ ಬೇಕಾದಷ್ಟು ಆಳ ಉಳಿಯುತ್ತದೆ. ಮೈನ್, ನೆಕ್ಕರ್ ಮತ್ತು ಮೊಸೆಲ್ ಈ ಬಗೆಯವು. ಬಾಂಬೆರ್ಗ್‌ನಿಂದ ಕೆಲ್‌ಹೈಮ್‌ವರೆಗೆ 171 ಕಿಲೋಮೀಟರ್ ಸಾಗುವ, 1992ರಲ್ಲಿ ಪೂರ್ಣಗೊಂಡ ಮೈನ್–ಡ್ಯಾನ್ಯೂಬ್ ಕಾಲುವೆಯಂತೂ 16 ಲಾಕ್‌ಗಳ ಮೂಲಕ ಸಮುದ್ರಮಟ್ಟದಿಂದ 406 ಮೀಟರ್ ಎತ್ತರಕ್ಕೆ ಹಡಗನ್ನು ಹತ್ತಿಸುತ್ತದೆ. ಅದಕ್ಕೆ ಬೇಕಾದ ನೀರನ್ನು ಪಂಪುಗಳ ಮೂಲಕ ಮೇಲೆತ್ತುತ್ತಾರೆ.

ನೆಕ್ಕರ್ ಬಗ್ಗೆ ಒಂದು ಮಾತು ಸೇರಿಸದಿರಲಾರೆ. ಮ್ಯಾನ್‌ಹೈಮ್‌ನಿಂದ ಪ್ಲೋಖಿಂಗನ್‌ವರೆಗೆ 27 ಲಾಕ್‌ಗಳಿರುವ ಆ ಜಲಮಾರ್ಗವು ಹೈಡೆಲ್‌ಬೆರ್ಗ್ ದಾಟಿ ಎಸ್ಲಿಂಗನ್ ಪಟ್ಟಣವನ್ನು ಹಾದುಹೋಗುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಎಸ್ಲಿಂಗನ್‌ನಲ್ಲಿ. ಅದೇ ನದಿಯ ದಡದಲ್ಲಿ ಇನ್ನೂ ಮೇಲಕ್ಕೆ, ಹಡಗುಗಳು ತಲುಪದ ಟ್ಯೂಬಿಂಗನ್‌ನಲ್ಲಿ, ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ಕೊನೆಯುಸಿರೆಳೆದರು. ಕನ್ನಡಿಗರು ಜರ್ಮನಿಯಲ್ಲಿ ಒಂದೇ ನದಿಯನ್ನು ನೋಡುವುದಾದರೆ ಇದನ್ನು ನೋಡಬಹುದು, ಅದೂ ನೀರಿನ ಚಿಂತೆಯಿಲ್ಲದೆ.

ಒಡ್ಡುಗಳಿಲ್ಲದೆ ತನ್ನಷ್ಟಕ್ಕೆ ಹರಿಯುವ ಭಾಗಗಳಲ್ಲೇ ತೊಂದರೆ. ನೆನಪಿಡಬೇಕಾದವು ಮೂರು. ರೈನ್ ನದಿಗೆ ಇಫೆಟ್ಸ್‌ಹೈಮ್ ಕೊನೆಯ ಲಾಕ್. ಅಲ್ಲಿಂದ ಕೆಳಗೆ ನೆದರ್‌ಲ್ಯಾಂಡ್ಸ್ ಗಡಿಯವರೆಗೆ ಮುಖ್ಯ ಹರಿವಿಗೆ ಅಡ್ಡವಾಗಿ ಯಾವ ಒಡ್ಡೂ ಇಲ್ಲ. ಡ್ಯಾನ್ಯೂಬ್ ನದಿಯಲ್ಲಿ ಬವೇರಿಯಾದ ಸ್ಟ್ರಾವ್‌ಬಿಂಗ್‌ನಿಂದ ವಿಲ್ಸ್‌ಹೋಫನ್‌ವರೆಗಿನ ಸುಮಾರು 70 ಕಿಲೋಮೀಟರ್ ಹೀಗಿದೆ. ಎಲ್ಬೆ ನದಿಯಲ್ಲಿ ಜೆಕ್ ಗಡಿಯಿಂದ ಹ್ಯಾಂಬರ್ಗ್ ಸಮೀಪದ ಗೇಸ್ಟ್‌ಹಾಖ್ಟ್‌ವರೆಗೆ ಒಂದೇ ಒಂದು ಒಡ್ಡಿಲ್ಲ. ನಿಮ್ಮ ಪ್ರವಾಸದ ನಕಾಶೆಯನ್ನು ತೆಗೆದು ಈ ಮೂರರಲ್ಲಿ ಯಾವುದು ನಿಮ್ಮ ದಾರಿಗೆ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಯಾವುದೂ ಬರದಿದ್ದರೆ ಮುಂದಿನ ಎರಡು ಹೆಜ್ಜೆಗಳನ್ನು ಬಿಟ್ಟು ಮುಂದಕ್ಕೆ ಹೋಗಬಹುದು.

ಮೂರನೆಯ ಹೆಜ್ಜೆ: ಮಾಪನ ಕೇಂದ್ರದ ಅಂಕಿಯನ್ನು ಸರಿಯಾಗಿ ಓದಿ

ನೀರಿನ ಮಟ್ಟದ ಮಾಪಕಕ್ಕೆ ಜರ್ಮನ್ ಭಾಷೆಯಲ್ಲಿ ‘ಪೇಗಲ್’ ಎನ್ನುತ್ತಾರೆ. ಜರ್ಮನಿಯ ಜಲಮಾರ್ಗ ಮತ್ತು ನೌಕಾಯಾನ ಆಡಳಿತವು ‘ಪೇಗಲ್ ಆನ್‌ಲೈನ್’ ಎಂಬ ಜಾಲತಾಣದಲ್ಲಿ ಪ್ರತಿ ಕೇಂದ್ರದ ಮಟ್ಟವನ್ನು ಹಗಲಿರುಳು ಪ್ರಕಟಿಸುತ್ತದೆ. ‘ಎಲ್ವಿಸ್’ ಎಂಬ ಇನ್ನೊಂದು ತಾಣದಲ್ಲಿ ಮಟ್ಟದ ಜೊತೆಗೆ ಮುನ್ಸೂಚನೆ, ಲಾಕ್‌ಗಳ ದುರಸ್ತಿ ಹಾಗೂ ಸಂಚಾರ ನಿರ್ಬಂಧದ ಪ್ರಕಟಣೆಗಳೂ ಸಿಗುತ್ತವೆ. ಎರಡೂ ಉಚಿತ.

ಇಲ್ಲಿ ಬಹುತೇಕ ಎಲ್ಲರೂ ಎಡವುವ ಒಂದು ಜಾಗವಿದೆ. ರೈನ್ ನದಿಯಲ್ಲಿ ಹಡಗುಗಳನ್ನು ತಡೆಯುವ ಆಳ ಕಡಿಮೆಯ ಭಾಗಕ್ಕೆ ನೋಡಬೇಕಾದ, ಕೌಬ್ ಎಂಬ ಸಣ್ಣ ಊರಿನ ಮಾಪಕ 40 ಸೆಂಟಿಮೀಟರ್ ತೋರಿಸಿತು ಎಂದು ಸುದ್ದಿ ಬಂದರೆ, ನದಿಯಲ್ಲಿ ಮೊಣಕಾಲುದ್ದ ನೀರು ಮಾತ್ರ ಇದೆ ಎಂದು ಓದುಗರು ಗಾಬರಿಯಾಗುತ್ತಾರೆ. ಮಾಪಕದ ಸೊನ್ನೆ ನದಿಯ ತಳವಲ್ಲ; ಅದು ಅಳತೆಗಾಗಿ ಗೊತ್ತುಪಡಿಸಿದ ಒಂದು ಎತ್ತರ, ಅಷ್ಟೇ. ಹಡಗು ಸಾಗುವ ದಾರಿಯ ತಳ ಅದಕ್ಕಿಂತ ಸಾಕಷ್ಟು ಕೆಳಗಿದೆ. ಕೌಬ್‌ನಲ್ಲಿ ಮಾಪಕ ಸುಮಾರು 78 ಸೆಂಟಿಮೀಟರ್ ತೋರಿಸುವಾಗ ಹಡಗುದಾರಿಯಲ್ಲಿ 1.90 ಮೀಟರ್ ಆಳ ಇರುವಂತೆ ಆಡಳಿತವು ದಾರಿಯನ್ನು ಕಾಯ್ದುಕೊಳ್ಳುತ್ತದೆ. ಆ 78 ಎಂಬುದು ಮನಸ್ಸಿಗೆ ಬಂದಂತೆ ಇಟ್ಟ ಅಂಕಿಯಲ್ಲ. ದೀರ್ಘಕಾಲದ ಸರಾಸರಿಯಲ್ಲಿ ವರ್ಷಕ್ಕೆ 20 ದಿನ ಮಾತ್ರ ನೀರು ಇದಕ್ಕಿಂತ ಕೆಳಗಿಳಿಯುತ್ತದೆ ಎಂಬ ಲೆಕ್ಕದ ಮೇಲೆ ನಿಂತ ಅಂಕಿ.

ಆದ್ದರಿಂದ ಸೂತ್ರ ಸುಲಭ: ಕೌಬ್‌ನ ಅಂಕಿಗೆ ಸುಮಾರು 112 ಸೆಂಟಿಮೀಟರ್ ಕೂಡಿಸಿದರೆ ಹಡಗುದಾರಿಯ ಆಳ ಸಿಗುತ್ತದೆ. ಮಾಪಕ 150 ತೋರಿಸಿದರೆ ಆಳ ಸುಮಾರು 2.60 ಮೀಟರ್, ಯಾವ ಪ್ರಯಾಣಿಕರ ಹಡಗಿಗೂ ಧಾರಾಳ. 40 ತೋರಿಸಿದರೆ ಸುಮಾರು 1.50 ಮೀಟರ್. ರೈನ್ ನದಿಯ ದೊಡ್ಡ ಕ್ರೂಸ್ ಹಡಗುಗಳು 135 ಮೀಟರ್ ಉದ್ದದವು, ಅವು ನೀರಿನೊಳಗೆ ಸರಿಸುಮಾರು ಒಂದೂವರೆ ಮೀಟರ್ ಮುಳುಗಿರುತ್ತವೆ. ತಳದ ಕೆಳಗೆ ಒಂದಿಷ್ಟು ಅಂತರವೂ ಬೇಕಾದ್ದರಿಂದ ಆ ಮಟ್ಟದಲ್ಲಿ ಅವು ದಾಟುವುದು ಅನುಮಾನ. 2018ರ ಅಕ್ಟೋಬರ್ 22ರಂದು ಕೌಬ್ ಮಾಪಕ 25 ಸೆಂಟಿಮೀಟರಿಗೆ ಇಳಿದಿತ್ತು. 2022ರ ಆಗಸ್ಟ್ ಮಧ್ಯದಲ್ಲಿ ಅದು 30ರ ಆಸುಪಾಸಿಗೆ ಬಂದು, ಬಿಂಗನ್ ಬಳಿ ನದಿಯ ನಡುವಿನ ದ್ವೀಪದಲ್ಲಿರುವ ‘ಇಲಿ ಗೋಪುರ’ಕ್ಕೆ ಜನ ಕಲ್ಲುಗಳ ಮೇಲೆ ನಡೆದುಕೊಂಡು ಹೋದರು.

ನಾನು ಇಟ್ಟುಕೊಂಡಿರುವ ಲೆಕ್ಕ ಹೀಗಿದೆ. ಕೌಬ್ 100ಕ್ಕಿಂತ ಮೇಲಿದ್ದರೆ ಯೋಚನೆ ಬೇಡ. 100 ಮತ್ತು 60ರ ನಡುವೆ ಇದ್ದರೆ ದಿನವೂ ನೋಡುತ್ತಿರಿ. 60ಕ್ಕಿಂತ ಕೆಳಗಿಳಿದು ಇನ್ನೂ ಇಳಿಯುತ್ತಿದ್ದರೆ ಬದಲಿ ವ್ಯವಸ್ಥೆಯ ಬಗ್ಗೆ ಸಂಸ್ಥೆಯನ್ನು ಕೇಳುವ ಕಾಲ ಬಂದಿದೆ ಎಂದು ತಿಳಿಯಿರಿ. ಇದು ಸರಕಾರದ ನಿಯಮವಲ್ಲ, ಪ್ರಯಾಣಿಕರ ಅಂದಾಜು. ನೀರು ಕಡಿಮೆಯಾದಾಗ ರೈನ್ ನದಿಯಲ್ಲಿ ಸಂಚಾರವನ್ನು ಅಧಿಕೃತವಾಗಿ ನಿಲ್ಲಿಸುವ ಪದ್ಧತಿಯೇ ಇಲ್ಲ. ತನ್ನ ಹಡಗು ದಾಟಬಲ್ಲದೇ ಎಂಬ ತೀರ್ಮಾನ ಆಯಾ ನಾವಿಕನದು. ಹಾಗಾಗಿಯೇ ಒಂದೇ ದಿನ ಒಂದು ಹಡಗು ಹೋಗಿ ಇನ್ನೊಂದು ನಿಲ್ಲಬಹುದು. ಸರಕು ಸಾಗಿಸುವ ಬಾರ್ಜುಗಳು ಹೊರೆಯನ್ನು ಅರ್ಧಕ್ಕೋ ಕಾಲು ಭಾಗಕ್ಕೋ ಇಳಿಸಿ ಹಗುರಾಗಿ ಸಾಗುತ್ತವೆ. ಪ್ರಯಾಣಿಕರ ಹಡಗಿಗೆ ಆ ಅನುಕೂಲವಿಲ್ಲ, ಅದರ ತೂಕವೆಲ್ಲ ಹಡಗಿನ ಮೈಯಲ್ಲೇ ಇದೆ. “ಬಾರ್ಜುಗಳು ಓಡಾಡುತ್ತಿವೆ, ನಮ್ಮ ಹಡಗೇಕೆ ಹೊರಡುತ್ತಿಲ್ಲ” ಎಂದು ದಡದಲ್ಲಿ ನಿಂತು ಬೇಸರಪಡುವವರಿಗೆ ಉತ್ತರ ಇದು.

ಒಂದು ಎಚ್ಚರಿಕೆ. ಬೇರೆ ಬೇರೆ ಊರುಗಳ ಮಾಪಕಗಳ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬಾರದು. ಕೊಲೋನ್‌ನಲ್ಲಿ 2018ರ ಕನಿಷ್ಠ ಮಟ್ಟ 69 ಸೆಂಟಿಮೀಟರ್. ಕೌಬ್‌ನ 25ಕ್ಕಿಂತ ಅದು ಹೆಚ್ಚು ಕಂಡರೂ ಎರಡರ ಸೊನ್ನೆ ಬೇರೆ, ಹಡಗುದಾರಿಯ ಆಳವೂ ಬೇರೆ. ಅಂದಹಾಗೆ, ಕೊಲೋನ್‌ಗೆ ಹೋದವರು ಹಳೆಯ ಪಟ್ಟಣದ ನದಿದಂಡೆಯಲ್ಲಿರುವ ಮಾಪಕದ ಗಡಿಯಾರವನ್ನು ತಪ್ಪದೆ ನೋಡಬೇಕು. ನೋಡಲು ಸಾಮಾನ್ಯ ಗಡಿಯಾರದಂತೆಯೇ ಇದೆ, ಆದರೆ ಅದರ ಚಿಕ್ಕ ಮುಳ್ಳು ಮೀಟರನ್ನೂ ದೊಡ್ಡ ಮುಳ್ಳು ಹತ್ತು ಸೆಂಟಿಮೀಟರುಗಳನ್ನೂ ತೋರಿಸುತ್ತದೆ.

ಡ್ಯಾನ್ಯೂಬ್ ನದಿಯಲ್ಲಿ ನೋಡಬೇಕಾದ ಕೇಂದ್ರಗಳು ಫೆಲಿಂಗ್ ಮತ್ತು ಹೋಫ್‌ಕಿರ್ಖನ್. ಡೆಗ್ಗೆನ್‌ಡೋರ್ಫ್ ಬಳಿ ಇಸಾರ್ ನದಿ ಬಂದು ಸೇರುವವರೆಗೆ ಆಳ ಅತಿ ಕಡಿಮೆ, ಫೆಲಿಂಗ್ ಇರುವುದು ಆ ಭಾಗದಲ್ಲಿ. ಎಲ್ಬೆ ನದಿಗೆ ಡ್ರೆಸ್ಡೆನ್ ಮಾಪಕ ಸಾಕು. ಅದು ಒಂದು ಮೀಟರಿಗಿಂತ ಕೆಳಗಿದ್ದರೆ ದೊಡ್ಡ ಹಡಗಿನ ಪ್ರಯಾಣವನ್ನು ನೆಚ್ಚಿಕೊಳ್ಳಬೇಡಿ. ಎಲ್ಬೆ ದಡದ ಜನಕ್ಕೆ ಇದು ಹೊಸ ಕಷ್ಟವಲ್ಲ: ಗಡಿಯಾಚೆಯ ಜೆಕ್ ಊರಾದ ಡೆಚೀನ್‌ನಲ್ಲಿ, ಬರಗಾಲದಲ್ಲಿ ಮಾತ್ರ ನೀರಿನಿಂದ ಹೊರಬರುವ ಬಂಡೆಯೊಂದರ ಮೇಲೆ “ನನ್ನನ್ನು ಕಂಡರೆ ಅಳು” ಎಂದು ಜರ್ಮನ್ ಭಾಷೆಯಲ್ಲಿ ಕೆತ್ತಲಾಗಿದೆ. ಹಿಂದಿನವರಿಗೆ ಅದು ಹಸಿವಿನ ಸೂಚನೆಯಾಗಿತ್ತು. 2018 ಮತ್ತು 2022ರಲ್ಲಿ ಆ ಬಂಡೆ ಮತ್ತೆ ಕಾಣಿಸಿತು.

ನಾಲ್ಕನೆಯ ಹೆಜ್ಜೆ: ದಿನ ಹತ್ತಿರವಾದಂತೆ ಮುನ್ಸೂಚನೆಯನ್ನು ಗಮನಿಸಿ

ಆರು ತಿಂಗಳ ಮೊದಲು ನೀರಿನ ಮಟ್ಟವನ್ನು ಯಾರೂ ಹೇಳಲಾರರು. ಹಾಗೆ ಭರವಸೆ ಕೊಡುವ ಏಜೆಂಟರನ್ನು ನಂಬಬೇಡಿ. ಕೋಬ್ಲೆನ್ಸ್‌ನಲ್ಲಿರುವ ಜರ್ಮನಿಯ ಕೇಂದ್ರೀಯ ಜಲವಿಜ್ಞಾನ ಸಂಸ್ಥೆಯು ರೈನ್ ನದಿಯ ಮುಖ್ಯ ಕೇಂದ್ರಗಳಿಗೆ ಆರು ವಾರಗಳವರೆಗಿನ ಮುನ್ಸೂಚನೆಯನ್ನು ಪ್ರಕಟಿಸುತ್ತದೆ. ಅದು ಒಂದು ಗೆರೆಯಲ್ಲ, ಇಷ್ಟರಿಂದ ಇಷ್ಟರೊಳಗೆ ಇರಬಹುದು ಎಂಬ ಪಟ್ಟಿ. ಮುಂದೆ ಹೋದಂತೆ ಪಟ್ಟಿ ಅಗಲವಾಗುತ್ತದೆ. ಪಟ್ಟಿಯ ಕೆಳ ಅಂಚು ಕೂಡ ನಿಮ್ಮ ಮಿತಿಗಿಂತ ಮೇಲಿದ್ದರೆ ನಿಶ್ಚಿಂತೆಯಿಂದಿರಿ, ಮೇಲಿನ ಅಂಚೇ ಕೆಳಗಿದ್ದರೆ ಬಸ್ಸಿನ ಪ್ರಯಾಣಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ.

ಕೊನೆಯ ವಾರದಲ್ಲಿ ಮೇಲ್ದಂಡೆಯ ಕೇಂದ್ರವನ್ನೂ ನೋಡುವುದು ಒಳ್ಳೆಯದು. ಕಾರ್ಲ್ಸ್‌ರೂಹೆಯ ಮಾಕ್ಸಾವ್ ಮಾಪಕದಲ್ಲಿ ನೀರು ಏರಿದರೆ ಸುಮಾರು ಒಂದು–ಒಂದೂವರೆ ದಿನದಲ್ಲಿ ಆ ಏರಿಕೆ ಕೌಬ್‌ಗೆ ತಲುಪುತ್ತದೆ. ಬಿಡಿ ಗುಡುಗುಮಳೆಯಿಂದ ದೊಡ್ಡ ಬದಲಾವಣೆ ಆಗದು. ಸ್ವಿಟ್ಜರ್‌ಲ್ಯಾಂಡ್ ಮತ್ತು ದಕ್ಷಿಣ ಜರ್ಮನಿಯಲ್ಲಿ ಹಲವು ದಿನ ಸುರಿದ ಮಳೆಯೇ ನದಿಯನ್ನು ಎತ್ತುವುದು.

ನೀರು ಹೆಚ್ಚಾದಾಗಿನ ತಡೆ

ಬೇಸಿಗೆಯ ಲೆಕ್ಕದಲ್ಲಿ ಪ್ರವಾಹವನ್ನು ಮರೆಯಬಾರದು. ಕಡಿಮೆ ನೀರು ವಾರಗಟ್ಟಲೆ ಮುನ್ಸೂಚನೆ ಕೊಟ್ಟು ಬರುತ್ತದೆ, ಪ್ರವಾಹ ಎರಡು ಮೂರು ದಿನಗಳಲ್ಲಿ ಬಂದುಬಿಡುತ್ತದೆ. ಡ್ರೆಸ್ಡೆನ್‌ನಲ್ಲಿ ಎಲ್ಬೆ 9.40 ಮೀಟರಿಗೆ ಏರಿದ್ದು 2002ರ ಆಗಸ್ಟ್ 17ರಂದು. ಪಸಾವ್‌ನಲ್ಲಿ ಡ್ಯಾನ್ಯೂಬ್ 12.89 ಮೀಟರ್ ಮುಟ್ಟಿದ್ದು 2013ರ ಜೂನ್ 3ರಂದು. 2024ರ ಜೂನ್‌ನಲ್ಲಿ ಮತ್ತೆ ಡ್ಯಾನ್ಯೂಬ್ ಉಕ್ಕಿ, ಹಡಗುಗಳು ಕಟ್ಟಿದಲ್ಲೇ ನಿಂತವು.

ಇಲ್ಲಿ ಮಾತ್ರ ನಿಯಮ ಕಟ್ಟುನಿಟ್ಟು. ರೈನ್ ನದಿಯಲ್ಲಿ ಎರಡು ಗುರುತುಗಳಿವೆ. ಮೊದಲನೆಯದನ್ನು ನೀರು ದಾಟಿದರೆ ಹಡಗುಗಳು ವೇಗ ತಗ್ಗಿಸಿ ನದಿಯ ನಡುವಿನಲ್ಲೇ ಸಾಗಬೇಕು. ಎರಡನೆಯದನ್ನು ದಾಟಿದರೆ ಸಂಚಾರ ಪೂರ್ತಿ ಬಂದ್. ಕೌಬ್‌ನಲ್ಲಿ ಈ ಗುರುತುಗಳು 4.60 ಮತ್ತು 6.40 ಮೀಟರ್, ಕೊಲೋನ್‌ನಲ್ಲಿ 6.20 ಮತ್ತು 8.30 ಮೀಟರ್. ಮೈನ್ ಮತ್ತು ಕಾಲುವೆಯ ದಾರಿಯಲ್ಲಿ ಸೇತುವೆಗಳು ತಗ್ಗಾಗಿರುವುದರಿಂದ, ನೀರು ಸ್ವಲ್ಪ ಏರಿದರೂ ಹಡಗು ಸೇತುವೆಯಡಿ ನುಸುಳಲಾರದೆ ನಿಲ್ಲಬಹುದು. ಒಡ್ಡು ಕಟ್ಟಿದ ನದಿಗಳು ಬರಗಾಲಕ್ಕೆ ಮಾತ್ರ ಔಷಧ, ಪ್ರವಾಹಕ್ಕಲ್ಲ.

ಐದನೆಯ ಹೆಜ್ಜೆ: ಹಣ ಕಟ್ಟುವ ಮುನ್ನ ಕೇಳಬೇಕಾದದ್ದು

ಹಡಗು ನಿಂತಾಗ ಸಂಸ್ಥೆಗಳು ಸಾಮಾನ್ಯವಾಗಿ ಮೂರರಲ್ಲಿ ಒಂದನ್ನು ಮಾಡುತ್ತವೆ. ತಡೆಯ ಎರಡೂ ಬದಿಗಳಲ್ಲಿ ಒಂದೇ ಬಗೆಯ ಎರಡು ಹಡಗುಗಳಿದ್ದರೆ ಪ್ರಯಾಣಿಕರನ್ನು ಬಸ್ಸಿನಲ್ಲಿ ದಾಟಿಸಿ ಇನ್ನೊಂದು ಹಡಗಿಗೆ ಹತ್ತಿಸುತ್ತವೆ. ಇಲ್ಲವೇ ಹಡಗನ್ನು ಒಂದೆಡೆ ಕಟ್ಟಿ ಹೋಟೆಲಿನಂತೆ ಬಳಸಿ, ನಿತ್ಯ ಬಸ್ಸಿನಲ್ಲಿ ಊರು ತೋರಿಸಿ ಕರೆತರುತ್ತವೆ. ಅದೂ ಆಗದಿದ್ದರೆ ಪ್ರವಾಸವನ್ನೇ ರದ್ದು ಮಾಡುತ್ತವೆ. ನಿಮ್ಮ ಸಂಸ್ಥೆ ಯಾವುದನ್ನು ಮಾಡುತ್ತದೆ, ಹಡಗು ಬದಲಾದರೆ ಅದೇ ದರ್ಜೆಯ ಕೋಣೆ ಸಿಗುತ್ತದೆಯೇ, ಎಷ್ಟು ದಿನ ಹಡಗು ಚಲಿಸದಿದ್ದರೆ ಹಣ ಹಿಂದಿರುಗುತ್ತದೆ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ.

ಐರೋಪ್ಯ ಒಕ್ಕೂಟದ ಪ್ಯಾಕೇಜ್ ಪ್ರವಾಸ ನಿಯಮದ ಪ್ರಕಾರ, ಹೊರಡುವ ಮುನ್ನ ಪ್ರವಾಸದ ಮುಖ್ಯ ಅಂಶದಲ್ಲಿ ದೊಡ್ಡ ಬದಲಾವಣೆಯಾದರೆ ಪ್ರಯಾಣಿಕರು ದಂಡವಿಲ್ಲದೆ ರದ್ದು ಮಾಡಬಹುದು. ಜರ್ಮನಿಯ ಸಂಸ್ಥೆಯಿಂದ ನೇರವಾಗಿ ಖರೀದಿಸಿದವರಿಗೆ ಇದು ಅನ್ವಯಿಸುತ್ತದೆ. ಭಾರತದಲ್ಲಿ ಏಜೆಂಟರ ಮೂಲಕ ಖರೀದಿಸಿದವರು ತಮ್ಮ ಒಪ್ಪಂದ ಯಾರೊಂದಿಗೆ, ಯಾವ ದೇಶದ ಕಾನೂನಿನಡಿ ಆಗಿದೆ ಎಂಬುದನ್ನು ಓದಿಕೊಳ್ಳಬೇಕು. ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೊ ವಿಮೆ ಚಿಕಿತ್ಸೆಯ ಖರ್ಚಿಗಾಗಿ ಇರುವಂಥದ್ದು; ನದಿಯಲ್ಲಿ ನೀರಿಲ್ಲವೆಂದು ಅದರಿಂದ ಪರಿಹಾರ ದೊರೆಯುವುದಿಲ್ಲ.

ದಾರಿಯ ಆಯ್ಕೆಯಲ್ಲೂ ಜಾಣತನ ತೋರಬಹುದು. ನ್ಯೂರೆಂಬರ್ಗ್‌ನಿಂದ ಬುಡಾಪೆಸ್ಟ್‌ಗೆ ಹೋಗುವ ಹಡಗು ಸ್ಟ್ರಾವ್‌ಬಿಂಗ್–ವಿಲ್ಸ್‌ಹೋಫನ್ ಭಾಗವನ್ನು ದಾಟಲೇಬೇಕು. ಪಸಾವ್‌ನಿಂದ ಹೊರಟು ವಿಯೆನ್ನಾ, ಬುಡಾಪೆಸ್ಟ್ ನೋಡಿ ಪಸಾವ್‌ಗೇ ಮರಳುವ ಹಡಗಿಗೆ ಆ ತೊಂದರೆಯಿಲ್ಲ. ಆಗಸ್ಟ್‌ನಲ್ಲಿ ಮಾತ್ರ ರಜೆ ಸಿಗುವವರಿಗೆ ಮೊಸೆಲ್ ಅಥವಾ ಮೈನ್ ನದಿಯನ್ನು ಸೂಚಿಸುತ್ತೇನೆ.

ಆರನೆಯ ಹೆಜ್ಜೆ: ಅಲ್ಲಿಗೆ ತಲುಪಿದ ಮೇಲೆ

ನೀರು ಇಳಿದಾಗ ಹಡಗು ನಿಲ್ಲುವ ತೇಲುವ ಕಟ್ಟೆಯೂ ಅದರ ಜೊತೆಗೆ ಇಳಿಯುತ್ತದೆ, ದಡದಿಂದ ಅಲ್ಲಿಗೆ ಹೋಗುವ ಸೇತುವೆ ಕಡಿದಾಗುತ್ತದೆ. ಮೊಣಕಾಲು ನೋವಿರುವ ಹಿರಿಯರಿಗೆ ಇದು ನಿಜವಾದ ಕಷ್ಟ, ಆದ್ದರಿಂದ ಹಿಡಿತವಿರುವ ಪಾದರಕ್ಷೆ ಮತ್ತು ಊರುಗೋಲು ಜೊತೆಗಿರಲಿ. ಬಸ್ಸಿನಲ್ಲಿ ಕಳೆಯುವ ದಿನಗಳಲ್ಲಿ ಊಟ ಹಡಗಿನ ಅಡುಗೆಮನೆಯಿಂದ ಬರದಿರಬಹುದು; ಸಸ್ಯಾಹಾರಿಗಳು ಹಿಂದಿನ ದಿನವೇ ಹಡಗಿನ ಕಚೇರಿಗೆ ಹೇಳಿಡಬೇಕು. ಒಣಗಿದ ನದಿಪಾತ್ರವನ್ನು ಕಂಡು ನೀರಿಗಿಳಿಯುವ ಮನಸ್ಸಾಗಬಹುದು. ದಯವಿಟ್ಟು ಇಳಿಯಬೇಡಿ. ಕಡಿಮೆ ನೀರಿನಲ್ಲಿಯೂ ರೈನ್ ನದಿಯ ಸೆಳೆತ ಬಲವಾಗಿರುತ್ತದೆ, ಹಾದುಹೋಗುವ ಬಾರ್ಜುಗಳು ದಡದ ನೀರನ್ನು ಒಮ್ಮೆಗೇ ಹಿಂದಕ್ಕೆಳೆದು ಮತ್ತೆ ನುಗ್ಗಿಸುತ್ತವೆ.

ಹಡಗು ಹೊರಡದೇ ಹೋದರೂ ಬಿಂಗನ್‌ನಿಂದ ಕೋಬ್ಲೆನ್ಸ್‌ವರೆಗಿನ ಕಣಿವೆಯನ್ನು ನೋಡದೆ ಮರಳಬೇಕಾಗಿಲ್ಲ. 2002ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಈ ಸುಮಾರು 65 ಕಿಲೋಮೀಟರಿನ ಎಡದಂಡೆಯಲ್ಲಿ ರೈಲು ನದಿಯನ್ನು ಅಂಟಿಕೊಂಡೇ ಓಡುತ್ತದೆ. ನದಿಯ ಕಡೆಯ ಕಿಟಕಿಯಲ್ಲಿ ಕುಳಿತರೆ ನೀರಿನ ನಡುವೆ ನಿಂತ ಫಾಲ್ಸ್ ಕೋಟೆ, ಅದರ ಹಿಂದೆ ಕೌಬ್ ಊರು, ಮುಂದೆ 132 ಮೀಟರ್ ಎತ್ತರದ ಲೊರೆಲೈ ಬಂಡೆ ಒಂದಾದ ಮೇಲೊಂದು ಬರುತ್ತವೆ.

ಇಳಿದು ಬರುವ ದಿನ ಹಡಗಿನ ಕಚೇರಿಯಿಂದ ಒಂದು ಕಾಗದವನ್ನು ಕೇಳಿ ಪಡೆಯಿರಿ: ಯಾವ ದಿನ, ಯಾವ ಊರಿನಿಂದ ಯಾವ ಊರಿಗೆ ಹಡಗಿನ ಬದಲು ಬಸ್ಸಿನಲ್ಲಿ ಕರೆದೊಯ್ಯಲಾಯಿತು, ಕಾರಣವೇನು ಎಂಬುದು ಅದರಲ್ಲಿ ಬರೆದಿರಬೇಕು. ಆ ದಿನಗಳ ಮಾಪಕದ ಚಿತ್ರವನ್ನು ಪೇಗಲ್ ಆನ್‌ಲೈನ್ ತಾಣದಿಂದ ನೀವೇ ಉಳಿಸಿಕೊಳ್ಳಿ; ಅಲ್ಲಿನ ನಕ್ಷೆ ಸುಮಾರು ಒಂದು ತಿಂಗಳ ಹಿಂದಿನವರೆಗೆ ಮಾತ್ರ ಕಾಣಿಸುವುದರಿಂದ ಊರಿಗೆ ಮರಳಿದ ಕೂಡಲೇ ಈ ಕೆಲಸವನ್ನು ಮುಗಿಸಿ, ಎರಡನ್ನೂ ಹಣ ಹಿಂದಿರುಗಿಸುವ ಅರ್ಜಿಗೆ ಲಗತ್ತಿಸಿ.